ಪುಸ್ತಕ ಕೊಯ್ದು ಓದಿಸಿದ ಒಂಬತ್ತು ವಾರ

ಒಂಬತ್ತನೇ ತರಗತಿಯ ಮಕ್ಕಳಿಂದ ಒಂದು ಇಡೀ ಇಂಗ್ಲಿಷ್ ಕಾದಂಬರಿಯನ್ನು ಓದಿಸಿ, ವಾರವಾರವೂ ಅವರಿಗೆ ಅನ್ನಿಸಿದ್ದನ್ನು ಬರೆಸಬೇಕೆಂಬ ನನ್ನ ಹಟ ಮೂರು ವರ್ಷ ಸೋತು ನಾಲ್ಕನೆಯ ವರ್ಷ ಕೈಗೂಡಿತು. "ಕನ್ನಡ ಮಾಧ್ಯಮದ ಮಕ್ಕಳಿಗೆ ಕಾದಂಬರಿಯಂತೆ! ಪಠ್ಯದ ಪದ್ಯ ಬಾಯಿಪಾಠ ಮಾಡಿಸುವಷ್ಟರಲ್ಲೇ ನಮಗೆ ಸಾಕಾಗಿದೆ ಮೇಷ್ಟ್ರೇ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ಆ ನೋಟ್‌ಬುಕ್ಕುಗಳನ್ನು ಮನೆಗೆ ಒಯ್ದು ಓದಿ ತಂದುಕೊಡುತ್ತಿದ್ದಾರೆ. ಮಾಡಿದ್ದು ಹೇಗೆ ಎಂದು ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಬೇಸರವಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಪಾಠಯೋಜನೆ, ರೂಪಣಾತ್ಮಕ ಮೌಲ್ಯಮಾಪನದ ನಮೂನೆ ಇತ್ಯಾದಿಗಳು ನಿಮಗೆಲ್ಲ ಗೊತ್ತಿರುವಂಥವೇ ಆದ್ದರಿಂದ ಅವುಗಳ ತಂಟೆಗೆ ಹೋಗುವುದಿಲ್ಲ.

ನಾನು ಆರಿಸಿಕೊಂಡದ್ದು ಲೋಯಿಸ್ ಲೌರಿಯವರ 'ದಿ ಗಿವರ್'. 1993ರಲ್ಲಿ ಪ್ರಕಟವಾಗಿ, ಮರುವರ್ಷ ಮಕ್ಕಳ ಸಾಹಿತ್ಯಕ್ಕೆ ಕೊಡುವ ಅಮೆರಿಕದ ನ್ಯೂಬೆರಿ ಪದಕ ಪಡೆದ ಕಾದಂಬರಿ. ಡಿಸ್ಟೋಪಿಯ, ಅಂದರೆ ಕೆಟ್ಟುಹೋದ ಕಲ್ಪಿತ ಸಮಾಜದ ಕಥೆ, ಎಂಬ ಹೆಸರಿನಡಿ ಬರುವ ಬಹುತೇಕ ಹದಿಹರೆಯದ ಕಾದಂಬರಿಗಳಲ್ಲಿ ಮೊದಲ ಪುಟದಿಂದಲೇ ಬಂದೂಕು, ಬೇಲಿ, ಸರ್ವಾಧಿಕಾರಿ ಎಲ್ಲವೂ ಎದುರು ನಿಂತಿರುತ್ತವೆ, ಇದರಲ್ಲಿ ಹಾಗಿಲ್ಲ. ಇಲ್ಲಿನ ಊರು ಅಚ್ಚುಕಟ್ಟಾಗಿದೆ, ಯಾರಿಗೂ ಹಸಿವಿಲ್ಲ, ಎಲ್ಲರೂ ಮರ್ಯಾದೆಯಿಂದ ಮಾತನಾಡುತ್ತಾರೆ. ಕೆಡುಕು ಮೆಲ್ಲಮೆಲ್ಲನೆ ಸೋರುತ್ತದೆ. ವಾರಕ್ಕೊಮ್ಮೆ ಬರೆಯುವ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಪುಸ್ತಕವನ್ನು ನಾನು ಕಂಡಿಲ್ಲ. ವಾಕ್ಯಗಳು ಸರಳ, ಅಧ್ಯಾಯಗಳು 23, ಪುಟಗಳು ಇನ್ನೂರಕ್ಕಿಂತ ತುಸು ಕಡಿಮೆ.

ಮೊದಲನೆಯ ವರ್ಷ ಹನ್ನೆರಡು ಪ್ರತಿಗಳನ್ನು ತರಿಸಿದೆ. ಒಂದಕ್ಕೆ ಮುನ್ನೂರೈವತ್ತರ ಸುಮಾರು ಬಿದ್ದು, ನಾಲ್ಕು ಸಾವಿರ ಚಿಲ್ಲರೆ ನನ್ನ ಜೇಬಿನಿಂದಲೇ ಹೋಯಿತು. ಪ್ರತಿ ವಾರಕ್ಕೂ ಹತ್ತು ಪ್ರಶ್ನೆಗಳ ಹಾಳೆಯನ್ನು ಟೈಪ್ ಮಾಡಿಸಿ ಕೊಟ್ಟೆ. ಎರಡನೆಯ ವಾರದ ಶನಿವಾರ ನೋಟ್‌ಬುಕ್ಕುಗಳನ್ನು ತಿರುವುತ್ತಿದ್ದಾಗ ಐದು ಮಂದಿ ಒಂದೇ ವಾಕ್ಯವನ್ನು ಬರೆದದ್ದು ಕಂಡಿತು: ಈ ಕಾದಂಬರಿಯು ಸ್ಮೃತಿಯ ಮಹತ್ವವನ್ನು ಸಾರುತ್ತದೆ. ಅವರು ಓದಿದ್ದು ಆರು ಅಧ್ಯಾಯ. ಸ್ಮೃತಿಯ ವಿಷಯ ತೆರೆದುಕೊಳ್ಳುವುದೋ ಹತ್ತನೆಯದರಿಂದ ಆಚೆಗೆ. ಯಾರದೋ ಅಣ್ಣನ ಮೊಬೈಲಿನಲ್ಲಿ ಸಾರಾಂಶ ಸಿಕ್ಕಿತ್ತು, ಒಬ್ಬ ಇಳಿಸಿಕೊಂಡದ್ದು ಐವರಿಗೆ ಹಂಚಿಕೆಯಾಗಿತ್ತು. ಮಕ್ಕಳನ್ನು ಬೈದೆ, ಬೈಯಬೇಕಾಗಿದ್ದುದು ನನ್ನ ಪ್ರಶ್ನೆಗಳನ್ನು. ಸಾರಾಂಶದಲ್ಲಿ ಉತ್ತರ ಸಿಗುವಂಥ ಪ್ರಶ್ನೆ ಕೇಳಿದರೆ ಮಕ್ಕಳು ಸಾರಾಂಶವನ್ನೇ ಓದುತ್ತಾರೆ. ಆ ವರ್ಷದ ಕೊನೆಗೆ ಹನ್ನೆರಡರಲ್ಲಿ ಮೂರು ಪ್ರತಿಗಳು ವಾಪಸು ಬರಲಿಲ್ಲ, ಇನ್ನೊಂದು ಸೋರುವ ಮಾಡಿನ ಕೆಳಗೆ ನೆನೆದು ಉಬ್ಬಿಹೋಯಿತು.

ಎರಡನೆಯ ವರ್ಷ ಪ್ರಶ್ನೆಗಳನ್ನು ಬಿಟ್ಟೆ, ಆದರೆ ಇಂಗ್ಲಿಷಿನಲ್ಲೇ ಬರೆಯಬೇಕೆಂದು ಕಟ್ಟು ಮಾಡಿದೆ. ಬಂದದ್ದು 'ಐ ಲೈಕ್ ದಿಸ್ ಚಾಪ್ಟರ್ ವೆರಿ ಮಚ್' ಎಂಬುದರ ಹತ್ತಾರು ರೂಪಗಳು. ಅದರ ಮೇಲೆ ನಾನು ಕೆಂಪು ಶಾಯಿಯಲ್ಲಿ ಕಾಲ, ವಚನ, ಉಪಪದಗಳನ್ನೆಲ್ಲ ತಿದ್ದುತ್ತ ಹೋದೆ. ಮೊದಲ ವಾರ ಒಂದು ಪುಟವಿದ್ದ ಬರಹ ನಾಲ್ಕನೆಯ ವಾರಕ್ಕೆ ಮೂರು ಸಾಲಿಗೆ ಇಳಿದಿತ್ತು. ಕಡಿಮೆ ಬರೆದರೆ ಕಡಿಮೆ ತಪ್ಪು ಎಂಬ ಲೆಕ್ಕ ಮಕ್ಕಳಿಗೆ ನಮಗಿಂತ ಬೇಗ ಹೊಳೆಯುತ್ತದೆ. ಮೂರನೆಯ ವರ್ಷದ ಅವಾಂತರ ಇನ್ನೂ ದೊಡ್ಡದು. ಆಸಕ್ತಿ ಹುಟ್ಟಿಸೋಣವೆಂದು ಇದೇ ಕಾದಂಬರಿಯ 2014ರ ಚಲನಚಿತ್ರದ ಮೊದಲ ಅರ್ಧ ಗಂಟೆಯನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಆ ಚಿತ್ರ ಕಪ್ಪು ಬಿಳುಪಿನಲ್ಲಿ ಶುರುವಾಗಿ ಆಮೇಲೆ ಬಣ್ಣಕ್ಕೆ ತಿರುಗುತ್ತದೆ. ಕಾದಂಬರಿಯಲ್ಲಿ ಲೇಖಕಿ ಹನ್ನೊಂದು ಅಧ್ಯಾಯ ಬಚ್ಚಿಟ್ಟುಕೊಂಡು ಬಂದ ಗುಟ್ಟು, ಅಂದರೆ ಈ ಊರಿನವರಿಗೆ ಬಣ್ಣವೇ ಕಾಣುವುದಿಲ್ಲ ಎಂಬ ಗುಟ್ಟು, ನನ್ನ ಕೈಯಿಂದಲೇ ಒಂದು ನಿಮಿಷದಲ್ಲಿ ಬಯಲಾಯಿತು. ಪ್ರೊಜೆಕ್ಟರಿನ ಬಾಡಿಗೆ ನಾನೂರು ರೂಪಾಯಿ ಬೇರೆ.

ಈ ಮೂರು ಸೋಲುಗಳನ್ನು ಒಟ್ಟಿಗೆ ಇಟ್ಟುಕೊಂಡು ಆ ಬೇಸಿಗೆ ರಜೆಯೆಲ್ಲ ಯೋಚಿಸಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಮುಂದೇನಾಗುತ್ತದೆ ಎಂದು ಗೊತ್ತಿರುವ ಮಗು ಅನಿಸಿಕೆ ಬರೆಯುವುದಿಲ್ಲ, ತೀರ್ಪು ಬರೆಯುತ್ತದೆ. ಆದ್ದರಿಂದ ಮುಂದಿನ ಪುಟ ಮಗುವಿನ ಕೈಯಲ್ಲೇ ಇರಬಾರದು. ಪುಸ್ತಕವನ್ನು ಕೊಯ್ಯದೆ ಬೇರೆ ದಾರಿಯಿರಲಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಎರಡು ಭಾನುವಾರ ಅಲೆದು ಒಂದೇ ಮುದ್ರಣದ ನಾಲ್ಕು ಹಳೆಯ ಪ್ರತಿಗಳನ್ನು ಹುಡುಕಿದೆ, ಉಳಿದ ಎರಡನ್ನು ಹೊಸದಾಗಿ ಕೊಂಡೆ. ಆರಕ್ಕೂ ಸೇರಿ ಸಾವಿರದ ನಾನೂರರಷ್ಟು ಆಗಿರಬೇಕು. ಅಂಟು ಬೈಂಡಿನ ಪುಸ್ತಕವನ್ನು ಬ್ಲೇಡಿನಿಂದ ಕೊಯ್ದರೆ ಒಳಗಿನ ಅಂಚು ಹೋಗಿ ಅಕ್ಷರಗಳು ಬೆನ್ನಿನೊಳಗೆ ಸಿಕ್ಕಿಬೀಳುತ್ತವೆ. ಬೆನ್ನಿನ ಮೇಲೆ ಹಳೆಯ ಪಂಚೆಯ ತುಂಡು ಹಾಸಿ ಇಸ್ತ್ರಿ ಪೆಟ್ಟಿಗೆಯ ಹದವಾದ ಕಾವು ಕೊಟ್ಟರೆ ಅಂಟು ಸಡಿಲಗೊಂಡು ಹಾಳೆಗಳು ತಾವಾಗಿ ಬಿಟ್ಟುಕೊಳ್ಳುತ್ತವೆ. ಎಷ್ಟು ಕಾವು, ಎಷ್ಟು ಹೊತ್ತು ಎಂಬುದನ್ನು ಬೇರೆ ಎರಡು ಪುಸ್ತಕ ಕೆಡಿಸಿಕೊಂಡು ಕಲಿತೆ, ನೀವೂ ಒಂದನ್ನಾದರೂ ಕೆಡಿಸಿ ಕಲಿಯಿರಿ. ಒಂದು ಅಧ್ಯಾಯ ಮುಗಿದ ಹಾಳೆಯ ಹಿಂಬದಿಯಲ್ಲೇ ಮುಂದಿನ ಅಧ್ಯಾಯ ಶುರುವಾಗುವ ಕಡೆಗಳಲ್ಲಿ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ, ಮೂಲ ಹಾಳೆಯ ಹಿಂಬದಿಗೆ ಬಿಳಿ ಕಾಗದ ಅಂಟಿಸಬೇಕಾಗುತ್ತದೆ. ಹೀಗೆ ಪ್ರತಿ ಪುಸ್ತಕವೂ ಒಂಬತ್ತು ಕಟ್ಟುಗಳಾಯಿತು. ಪೇಟೆಯ ಬೈಂಡರ್ ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ಕಟ್ಟಿಗೆ ಎಂಟು ರೂಪಾಯಿಯಂತೆ ಐವತ್ತನಾಲ್ಕು ಕಟ್ಟುಗಳಿಗೂ ರಟ್ಟು ಹಾಕಿಕೊಟ್ಟ. ಹದಿನಾಲ್ಕು ಮಕ್ಕಳಿಗೆ ಉದ್ದನೆಯ ನೋಟ್‌ಬುಕ್ಕು, ತಲಾ ನಲವತ್ತೈದರ ಆಸುಪಾಸು. ಎಲ್ಲ ಸೇರಿ ಎರಡೂವರೆ ಸಾವಿರ ದಾಟಿತು. ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಾವಿರ ಕೊಟ್ಟದ್ದರಿಂದ ಮನೆಯಲ್ಲಿ ಲೆಕ್ಕ ಹೇಳುವುದು ಸುಲಭವಾಯಿತು.

ಕಟ್ಟುಗಳ ಹಂಚಿಕೆ ಹೀಗಿತ್ತು: ಒಂದರಿಂದ ಮೂರು, ನಾಲ್ಕರಿಂದ ಆರು, ಏಳು ಎಂಟು, ಒಂಬತ್ತರಿಂದ ಹನ್ನೊಂದು, ಹನ್ನೆರಡರಿಂದ ಹದಿನಾಲ್ಕು, ಹದಿನೈದು ಹದಿನಾರು, ಹದಿನೇಳು ಹದಿನೆಂಟು, ಹತ್ತೊಂಬತ್ತು ಇಪ್ಪತ್ತು, ಕೊನೆಯ ಮೂರು. ಒಂದು ಕಟ್ಟು ಎರಡೆರಡು ದಿನದಂತೆ ಇಬ್ಬರು ಮೂವರ ಕೈ ದಾಟಿ ಶನಿವಾರ ಬೆಳಗಿನ ಶಾಲೆಗೆ ನನ್ನ ಮೇಜಿಗೆ ಬರಬೇಕು. ನೋಟ್‌ಬುಕ್ಕಿನಲ್ಲಿ ಎಡಪುಟದಲ್ಲಿ ಮಾತ್ರ ಬರೆಯಬೇಕು, ಬಲಪುಟ ಖಾಲಿ ಇರಬೇಕು. ಕನ್ನಡವೋ ಇಂಗ್ಲಿಷೋ ಬೆರಕೆಯೋ ಅವರಿಷ್ಟ. ನಾನು ತಿದ್ದುವುದಿಲ್ಲ, ಅಂಕ ಕೊಡುವುದಿಲ್ಲ, ಓದಿದ್ದಕ್ಕೆ ಗುರುತಾಗಿ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತೇನೆ, ಅಷ್ಟೆ. ಬಲಪುಟ ಯಾತಕ್ಕೆ ಎಂದು ಕೇಳಿದವರಿಗೆ ಆಮೇಲೆ ಹೇಳುತ್ತೇನೆಂದೆ.

ಹದಿನಾಲ್ಕರಲ್ಲಿ ಒಂಬತ್ತು ಮಂದಿ ಕೊನೆಯವರೆಗೂ ಬರೆದರು. ಅವರಲ್ಲಿ ಒಬ್ಬ ಹುಡುಗಿಯ ನೋಟ್‌ಬುಕ್ಕನ್ನು, ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಕೇಳಿ, ಇಲ್ಲಿ ಬಿಚ್ಚಿಡುತ್ತೇನೆ. ತಿಪಟೂರಿನ ಕಡೆಯ ಹಳ್ಳಿ, ಮನೆಯಲ್ಲಿ ತೆಂಗಿನ ತೋಟ, ಕೊಬ್ಬರಿಯ ಅಟ್ಟ. ತರಗತಿಯಲ್ಲಿ ಅವಳ ದನಿಯನ್ನು ನಾನು ಕೇಳಿದ್ದು ಹಾಜರಿ ಕೂಗುವಾಗ ಮಾತ್ರ.

ಮೊದಲ ವಾರದ ಮೊದಲ ಸಾಲು ಕಾದಂಬರಿಯ ಬಗ್ಗೆ ಇರಲೇ ಇಲ್ಲ. 'ಸರ್ ಪುಸ್ತಕ ಹರಿದಿದ್ದಾರೆ. ಆಯುಧಪೂಜೆಗೆ ಇಡುವ ಪುಸ್ತಕವನ್ನು ಹರಿಯುವುದು ತಪ್ಪು.' ಮುಖ್ಯೋಪಾಧ್ಯಾಯರೂ ಇದನ್ನೇ ಹೇಳಿದ್ದರು, ಆದರೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅದರ ಕೆಳಗೆ, ಕಥಾನಾಯಕ ಜೋನಾಸನ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಪ್ರತಿಯೊಬ್ಬರೂ ಆ ದಿನ ತಮಗೇನು ಅನ್ನಿಸಿತೆಂದು ಹೇಳಿಕೊಳ್ಳುವ ಪದ್ಧತಿ ಅವಳಿಗೆ ಬಹಳ ಹಿಡಿಸಿತ್ತು. 'ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಕೊಬ್ಬರಿ ರೇಟು ಬಿಟ್ಟು ಬೇರೆ ಮಾತಿಲ್ಲ. ನನಗೆ ಆ ಊರಿನಲ್ಲಿ ಇರಲು ಇಷ್ಟ' ಎಂದಿದ್ದಳು. ಹಿಂದಿನ ವರ್ಷದ ಮಕ್ಕಳು ಇದೇ ಅಧ್ಯಾಯಕ್ಕೆ 'ಇದು ಸ್ವಾತಂತ್ರ್ಯವಿಲ್ಲದ ಸಮಾಜ' ಎಂದು ಬರೆದಿದ್ದರು. ಕೊಯ್ದದ್ದು ಸಾರ್ಥಕವಾಯಿತೆಂದು ನನಗೆ ಆ ಶನಿವಾರವೇ ಅನ್ನಿಸಿತು.

ಎರಡನೆಯ ವಾರದ ಕಟ್ಟಿನಲ್ಲಿ ಮಕ್ಕಳಿಗೆ ಒಂಬತ್ತು ವರ್ಷಕ್ಕೆ ಸೈಕಲ್ ಕೊಡುವ ಸಮಾರಂಭ ಬರುತ್ತದೆ. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆಯಲ್ಲಿ ಅವಳ ಅಕ್ಕನಿಗೂ ಒಂದು ಬಂದಿತ್ತು. 'ಅಕ್ಕನ ಸೈಕಲ್ಲಿಗೆ ಮೊದಲ ವಾರವೇ ಚೈನು ಬಿಚ್ಚಿತು. ಅಲ್ಲಿಯ ಸೈಕಲ್ ಕೆಡುವುದಿಲ್ಲವೆ?' ಎಂದು ಕೇಳಿದ್ದಳು. ಈ ವಾರದ ನಿಜವಾದ ಸೊತ್ತು ಮಾತ್ರ ಬೇರೆ ಇತ್ತು. ಕಾದಂಬರಿಯಲ್ಲಿ ಮುದುಕರನ್ನೂ, ನಿಯಮ ಮೀರಿದವರನ್ನೂ, ಸರಿಯಾಗಿ ಬೆಳೆಯದ ಕೂಸುಗಳನ್ನೂ 'ರಿಲೀಸ್' ಮಾಡುತ್ತಾರೆ. ಹಾಗೆಂದರೇನೆಂದು ಬಹಳ ಮುಂದಿನವರೆಗೂ ಬಿಡಿಸಿ ಹೇಳುವುದಿಲ್ಲ. ಅವಳು ಅದನ್ನು ಬಿಡುಗಡೆ ಎಂದು ಕನ್ನಡಿಸಿಕೊಂಡು, 'ವಯಸ್ಸಾದ ಮೇಲೆ ಬಿಡುಗಡೆ ಸಮಾರಂಭ ಮಾಡುತ್ತಾರೆ, ಹಾರೈಸಿ ಕಳಿಸುತ್ತಾರೆ. ನಮ್ಮ ಶಾಲೆಯಲ್ಲಿ ಹೋದ ವರ್ಷ ನಿವೃತ್ತಿಯಾದ ಸರ್‌ಗೆ ಶಾಲು ಹೊದಿಸಿದ ಹಾಗೆ. ಬಿಡುಗಡೆ ಎಂಬುದು ಒಳ್ಳೆಯ ಮಾತು. ಅಜ್ಜಿ ದಿನವೂ ದೇವರ ಮುಂದೆ ಅದನ್ನೇ ಕೇಳುತ್ತಾಳೆ' ಎಂದು ಬರೆದಿದ್ದಳು. ನನಗೆ ಕೈ ತುರಿಸಿತು. ಮೂಲೆಯಲ್ಲಿ ಚುಕ್ಕೆ ಇಟ್ಟು ಸುಮ್ಮನಾದೆ. ಈ ಇಡೀ ವಿಧಾನದಲ್ಲಿ ಮೇಷ್ಟ್ರಿಗೆ ಇರುವ ಕಷ್ಟದ ಕೆಲಸ ಇದೊಂದೇ.

ಮೂರನೆಯ ವಾರ ಹನ್ನೆರಡು ವರ್ಷದ ಮಕ್ಕಳಿಗೆಲ್ಲ ಜೀವಮಾನದ ಕೆಲಸ ಹಂಚುವ ಸಮಾರಂಭ. ಜೋನಾಸನ ಸರದಿ ಬಂದಾಗ ಅವನನ್ನು ಬಿಟ್ಟು ಮುಂದಿನವರ ಹೆಸರು ಕೂಗುತ್ತಾರೆ. ಊರಿನವರೆಲ್ಲ ಮರೆತ ಹಳೆಯ ಸ್ಮೃತಿಗಳನ್ನು ಒಬ್ಬ ಮುದುಕನಿಂದ ಪಡೆದು ಹೊರುವ ಕೆಲಸ ಕೊನೆಗೆ ಅವನಿಗೆ ಬರುತ್ತದೆ. ಹುಡುಗಿ ಅರ್ಧ ಪುಟ ತನ್ನ ಮನೆಯ ಕಥೆಯನ್ನೇ ಬರೆದಿದ್ದಳು, ಎಸ್‌ಎಸ್‌ಎಲ್‌ಸಿಯಲ್ಲಿ ಬಂದ ಅಂಕ ನೋಡಿ ಅಕ್ಕನಿಗೆ ಕಲಾ ವಿಭಾಗ ಎಂದು ಮನೆಯವರು ಹತ್ತು ನಿಮಿಷದಲ್ಲಿ ತೀರ್ಮಾನಿಸಿದ ಕಥೆ. 'ಅಲ್ಲಿ ಹಿರಿಯರು ವರ್ಷಗಟ್ಟಲೆ ಮಕ್ಕಳನ್ನು ಗಮನಿಸಿ ಕೆಲಸ ಕೊಡುತ್ತಾರೆ. ಇಲ್ಲಿ ಮಾರ್ಕ್ಸ್ ಕಾರ್ಡು ನೋಡಿ ಕೊಡುತ್ತಾರೆ. ಯಾವುದು ಮೇಲು?' ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕನೆಯ ವಾರ ಅವಳನ್ನು ಕಾಡಿದ್ದು ಜೋನಾಸನ ಕೈಗೆ ಬಂದ ಎಂಟು ನಿಯಮಗಳಲ್ಲಿ ಕೊನೆಯದು, ನೀನು ಸುಳ್ಳು ಹೇಳಬಹುದು ಎಂಬುದು. ಹಿಮದ ಮೇಲೆ ಜಾರುವ ಮೊದಲ ಸ್ಮೃತಿಯನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದಳು: 'ಹಿಮ ನೋಡಿಲ್ಲ, ಆಲಿಕಲ್ಲು ನೋಡಿದ್ದೇನೆ, ಅದರ ಮೇಲೆ ಜಾರಲು ಆಗುವುದಿಲ್ಲ.'

ನಡುವೆ ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಆ ಊರಿನಲ್ಲಿ ಯಾರು ತಪ್ಪು ಮಾಡಿದರೂ ಕ್ಷಮೆ ಕೋರುತ್ತೇನೆ ಎನ್ನಬೇಕು, ಎದುರಿನವರು ಕ್ಷಮೆಯನ್ನು ಸ್ವೀಕರಿಸಿದ್ದೇವೆ ಎನ್ನಬೇಕು. ಅದನ್ನು ನಮ್ಮ ತರಗತಿಯಲ್ಲಿ ಎರಡು ದಿನ ಜಾರಿಗೆ ತಂದೆ. ಮೊದಲ ದಿನ ನಗೆ, ಎರಡನೆಯ ದಿನ ಬೇಕೆಂದೇ ಕಾಲು ತುಳಿದು ಕ್ಷಮೆ ಕೋರುವ ಆಟ. ಊಟದ ಬಿಡುವಿನಲ್ಲಿ ಇಬ್ಬರು ಹುಡುಗರು ನಿಜವಾಗಿಯೇ ಕೈಮಿಲಾಯಿಸಿಕೊಂಡು, ಅಂಗಿಯ ಗುಂಡಿ ಕಿತ್ತುಹೋದ ಮೇಲೆಯೂ ಅದೇ ವಾಕ್ಯಗಳನ್ನು ಒಪ್ಪಿಸಿದರು. ಒಂದು ವಾರ ಇಬ್ಬರೂ ಮಾತು ಬಿಟ್ಟಿದ್ದರು. ನಿಲ್ಲಿಸಿದೆ. ಇನ್ನೊಂದು, ಮೊದಲ ಎರಡು ಅಧ್ಯಾಯಗಳನ್ನು ನಾನೇ ಕನ್ನಡಕ್ಕೆ ತಂದು ಮೂವರಿಗೆ ಕೊಟ್ಟು ನೋಡಿದೆ. ಅವರು ಸರಾಗವಾಗಿ ಓದಿ ಮುಗಿಸಿದರು, ಆದರೆ ಎಲ್ಲಿಯೂ ತಡವರಿಸಲಿಲ್ಲ, ಬರೆದದ್ದೂ ತೀರ ತೆಳುವಾಗಿತ್ತು. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವಾಗ ಮಗು ಪ್ರತಿ ಪದದ ಮುಂದೆಯೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ, ಅನಿಸಿಕೆ ಹುಟ್ಟುವುದು ಆ ಕ್ಷಣದಲ್ಲೇ ಎಂದು ನನ್ನ ನಂಬಿಕೆ.

ಐದನೆಯ ವಾರಕ್ಕೆ ಬಣ್ಣದ ಗುಟ್ಟು ಬಯಲಾಗುತ್ತದೆ. ಏಕರೂಪತೆ, ಮೂಲದಲ್ಲಿ 'ಸೇಮ್‌ನೆಸ್', ಸಾಧಿಸುವ ಸಲುವಾಗಿ ಹಿಂದಿನವರು ಬಿಸಿಲನ್ನೂ ಬೆಟ್ಟವನ್ನೂ ಬಣ್ಣವನ್ನೂ ಬಿಟ್ಟುಕೊಟ್ಟಿದ್ದಾರೆ. ಆ ಪದವನ್ನು ಅರ್ಧ ತರಗತಿ ಸಮಾನತೆ ಎಂದೇ ಬರೆದಿತ್ತು. ಸಂವಿಧಾನದ ಪೂರ್ವಪೀಠಿಕೆಯನ್ನು ದಿನವೂ ಓದುವ ಮಕ್ಕಳಿಗೆ ಅದು ಸಹಜ. ಈ ಹುಡುಗಿ ಮಾತ್ರ ಸಮಾನತೆ ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ ಸಮವಸ್ತ್ರ ಎಂದು ಬರೆದಿದ್ದಳು. ಆಮೇಲೆ ಅಟ್ಟದ ವಿಷಯ. ತಿಪಟೂರಿನ ಉಂಡೆ ಕೊಬ್ಬರಿಯನ್ನು ಬಲ್ಲವರಿಗೆ ಗೊತ್ತಿರುತ್ತದೆ, ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಅವಳು ಕಟ್ಟನ್ನು ಅಟ್ಟದ ಏಣಿಯ ಮೇಲೆ ಕುಳಿತು ಓದಿದ್ದಳಂತೆ. 'ಸಂಜೆಯಾದ ಮೇಲೆ ಅಟ್ಟದಲ್ಲಿ ಎಲ್ಲ ಕಾಯಿಗೂ ಒಂದೇ ಬಣ್ಣ. ಜೋನಾಸನ ಊರು ಹೀಗೆ ಕಾಣುತ್ತಿರಬೇಕು. ಅವರೂ ಕೊಬ್ಬರಿಯ ಹಾಗೆ. ಹೊರಗಿನಿಂದ ಕಾಯಿಯೇ, ಒಳಗೆ ನೀರಿಲ್ಲ. ಯಾರಾದರೂ ಎತ್ತಿ ಅಲ್ಲಾಡಿಸುವ ತನಕ ಗೊತ್ತಾಗುವುದಿಲ್ಲ.' ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ, ಈ ಕಾದಂಬರಿಯ ಬಗ್ಗೆ ಇಷ್ಟು ಚೆನ್ನಾದ ಮಾತು ನನ್ನ ಬಾಯಿಂದ ಬಂದಿಲ್ಲ.

ಆರನೆಯ ವಾರದ ಕಟ್ಟಿನಲ್ಲಿ ಜೋನಾಸ್ ತಂದೆತಾಯಿಯರನ್ನು ನನ್ನನ್ನು ಪ್ರೀತಿಸುತ್ತೀರಾ ಎಂದು ಕೇಳುತ್ತಾನೆ. ಅವರು ನಕ್ಕು, ಅರ್ಥವಿಲ್ಲದ ಪದ ಬಳಸಬೇಡ, ನಿಖರವಾಗಿ ಮಾತನಾಡು ಎನ್ನುತ್ತಾರೆ. ನಮ್ಮ ಹುಡುಗಿ ಮನೆಯಲ್ಲಿ ಅದೇ ಪ್ರಶ್ನೆಯನ್ನು ಕೇಳಿ ನೋಡಿದ್ದಳು. 'ಅಮ್ಮ ಹಣೆ ಮುಟ್ಟಿ ಜ್ವರ ಬಂದಿದೆಯೇನೇ ಎಂದಳು. ಅಪ್ಪ ಫೀಸು ಕಟ್ಟುವುದಿದೆಯಾ ಎಂದು ಕೇಳಿದರು. ಅವರೂ ಉತ್ತರ ಹೇಳಲಿಲ್ಲ, ಆದರೆ ಜೋನಾಸನ ಅಪ್ಪ ಅಮ್ಮನ ಹಾಗೆ ಅಲ್ಲ. ಹೇಗೆ ಬೇರೆ ಎಂದು ಬರೆಯಲು ಬರುತ್ತಿಲ್ಲ.' ಈ ವಾರ ಮಾತ್ರ ನಾನು ನಿಯಮ ಮುರಿದು ಬಲಪುಟದ ಮೇಲ್ತುದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನೆ ಬರೆದೆ, ಒಂಬತ್ತು ಮಂದಿಗೂ ಒಂದೇ ಪ್ರಶ್ನೆ. ಉಳಿದ ಮೂರು ವಾರಗಳ ಬರಹದ ದಿಕ್ಕನ್ನೇ ಅದು ಬದಲಿಸಿತು. ಏನು ಬರೆದೆನೆಂದು ಸಹೋದ್ಯೋಗಿಗಳಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ನನ್ನ ಅಂಗಡಿಯೂ ನಡೆಯಬೇಕು.

ಏಳನೆಯ ವಾರ ಮನೆಯಲ್ಲಿ ಕಾಯಿ ಕೀಳುವ ಕೆಲಸವಿದ್ದುದರಿಂದ ನಾಲ್ಕೇ ಸಾಲು.

ಎಂಟನೆಯ ಕಟ್ಟನ್ನು ಕೊಡುವಾಗ ನನಗೇ ಅಳುಕಿತ್ತು. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಅವಳಿ ಕೂಸುಗಳಲ್ಲಿ ತೂಕ ಕಡಿಮೆ ಇರುವ ಒಂದನ್ನು ಜೋನಾಸನ ತಂದೆಯೇ ಮುದ್ದಾಗಿ ಮಾತಾಡಿಸುತ್ತ ನೆತ್ತಿಗೆ ಸೂಜಿ ಚುಚ್ಚಿ ಕೊಲ್ಲುವುದನ್ನು ಮಗ ಪರದೆಯ ಮೇಲೆ ನೋಡುತ್ತಾನೆ. ರಿಲೀಸ್ ಎಂದರೆ ಅದು. ಆ ಕಟ್ಟನ್ನು ಮನೆಗೆ ಕಳಿಸದೆ ಶಾಲೆಯಲ್ಲಿಯೇ ಎಲ್ಲರನ್ನೂ ಕೂರಿಸಿ ಓದಿಸಿದೆ. ನೀವೂ ಹಾಗೆಯೇ ಮಾಡಬೇಕೆಂದು ಹೇಳುತ್ತೇನೆ, ಏಕೆಂದರೆ ಈ ಪುಟಗಳನ್ನು ಮಕ್ಕಳು ಒಂಟಿಯಾಗಿ ಓದಬಾರದು. ಒಬ್ಬ ಹುಡುಗ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಿದ್ದು ಬಂದ. ಈ ಹುಡುಗಿ ಆ ವಾರದ ಎಡಪುಟದಲ್ಲಿ ಏನನ್ನೂ ಬರೆಯಲಿಲ್ಲ. ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿ, ಎರಡನೆಯ ವಾರದ ಬಲಪುಟವನ್ನು ತೆಗೆದು, 'ಇದರ ಮೇಲೆ ಬರೆಯಬಹುದೇ ಸರ್?' ಎಂದು ಕೇಳಿದಳು. ಬಲಪುಟ ಇರುವುದು ಹಳೆಯ ಅನಿಸಿಕೆಗೆ ಮರಳಿ ಬಂದು ಬರೆಯುವುದಕ್ಕೆ ಎಂದು ನಾನು ಹೇಳುವ ಮೊದಲೇ ಅವಳಿಗೆ ಹೊಳೆದಿತ್ತು. 'ಬಿಡುಗಡೆ ಒಳ್ಳೆಯ ಮಾತು ಎಂದು ಬರೆದಿದ್ದೆ. ಮಾತು ಒಳ್ಳೆಯದೇ. ಅದಕ್ಕೇ ಅದನ್ನು ಆರಿಸಿಕೊಂಡಿದ್ದಾರೆ. ಕೊಲ್ಲುವುದು ಎಂದು ಹೆಸರಿಟ್ಟಿದ್ದರೆ ಆ ಅಪ್ಪ ನಗುನಗುತ್ತ ಮಾಡುತ್ತಿರಲಿಲ್ಲ. ಅಜ್ಜಿ ಕೇಳುವುದು ಬೇರೆ. ಅವಳು ತಾನೇ ಕೇಳುತ್ತಾಳೆ.' ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದಳು, ಸ್ಕೇಲ್ ಇಟ್ಟು.

ಒಂಬತ್ತನೆಯ ವಾರ ಸಂಕ್ರಾಂತಿಯ ಹೊತ್ತಿಗೆ ಬಂತು. ಜೋನಾಸ್ ತನ್ನ ಮನೆಯಲ್ಲಿ ಬೆಳೆಯುತ್ತಿದ್ದ, ರಿಲೀಸಿಗೆ ಗೊತ್ತಾಗಿದ್ದ ಇನ್ನೊಂದು ಕೂಸನ್ನು ಎತ್ತಿಕೊಂಡು ಊರು ಬಿಟ್ಟು, ಕೊನೆಗೆ ಹಿಮದ ಇಳಿಜಾರಿನಲ್ಲಿ ಬೆಳಕಿನ ಕಡೆಗೆ ಜಾರುವಲ್ಲಿಗೆ ಕಥೆ ನಿಲ್ಲುತ್ತದೆ. ಬದುಕಿದನೋ ಸತ್ತನೋ ಅಲ್ಲಿ ಹೇಳುವುದಿಲ್ಲ. ಒಂಬತ್ತು ಮಂದಿಯಲ್ಲಿ ಐವರು ಬದುಕಿದ ಎಂದರು, ಮೂವರು ಸತ್ತ ಎಂದರು. ನಮ್ಮ ಹುಡುಗಿ ಎರಡೂ ಹೇಳಲಿಲ್ಲ. 'ಕೂಸಿಗೆ ಎರಡು ದಿನದಿಂದ ಹಾಲಿಲ್ಲ. ಬೆಳಕು ಯಾವುದಾದರೂ ಆಗಲಿ, ಅಲ್ಲಿ ಹಾಲು ಇದೆಯೇ ಎಂದು ಮೊದಲು ನೋಡಬೇಕು' ಎಂದು ಬರೆದಳು. ಈ ಕಾದಂಬರಿಯ ಮುಂದಿನ ಭಾಗಗಳಾಗಿ ಬಂದ ಪುಸ್ತಕಗಳಲ್ಲಿ ಉತ್ತರ ಸಿಗುತ್ತದೆಂಬುದನ್ನು ನಾನು ಈವರೆಗೂ ಆ ತರಗತಿಗೆ ಹೇಳಿಲ್ಲ.

ಇದರಿಂದ ಇಂಗ್ಲಿಷ್ ಅಂಕ ಏರಿತೇ ಎಂದು ಕೇಳುವವರಿದ್ದಾರೆ. ನಾಲ್ಕೈದು ಅಂಕ ಏರಿರಬಹುದು, ಅದನ್ನು ನನ್ನ ಖಾತೆಗೆ ಬರೆದುಕೊಳ್ಳುವುದಿಲ್ಲ. ಬರಹದ ಉದ್ದ ಮಾತ್ರ ನಿಜಕ್ಕೂ ಬೆಳೆಯಿತು: ಮೊದಲ ವಾರ ಸರಾಸರಿ ಅರ್ಧ ಪುಟ, ಕೊನೆಗೆ ಎರಡು ಪುಟದ ಹತ್ತಿರ. ಐದನೆಯ ವಾರದ ಮೇಲೆ ನಾಲ್ಕು ಮಂದಿ ಯಾರೂ ಹೇಳದೆ ನಡುನಡುವೆ ಇಂಗ್ಲಿಷ್ ವಾಕ್ಯಗಳನ್ನು ಬರೆಯತೊಡಗಿದ್ದರು, ತಪ್ಪುತಪ್ಪಾಗಿ, ಆದರೆ ತಮ್ಮವೇ ವಾಕ್ಯಗಳನ್ನು.

ನೋಟ್‌ಬುಕ್ಕನ್ನು ಮರಳಿಸುವ ಮೊದಲು ಒಮ್ಮೆ ಮೊದಲಿನಿಂದ ತಿರುವಿ ನೋಡಿದೆ. ಬಹುತೇಕ ಎಲ್ಲ ಬಲಪುಟಗಳೂ ತುಂಬಿದ್ದವು. ಮೊದಲ ವಾರದ ಎಡಪುಟದಲ್ಲಿ ಪುಸ್ತಕ ಹರಿಯುವುದು ತಪ್ಪು ಎಂಬ ಸಾಲು, ಅದರ ಎದುರಿನ ಬಲಪುಟದಲ್ಲಿ ಜನವರಿಯ ತಾರೀಕು ಹಾಕಿ ಎರಡೇ ಪದ: 'ಈಗಲೂ ತಪ್ಪೇ.'

ಈ ವರ್ಷ ಇಪ್ಪತ್ತೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ. ಇನ್ನೂ ಮೂರು ಪ್ರತಿಗಳನ್ನು ಕೊಯ್ಯಬೇಕಾಗಿದೆ. ಬೈಂಡರ್ ಕಟ್ಟಿಗೆ ಹನ್ನೆರಡು ರೂಪಾಯಿ ಕೇಳುತ್ತಿದ್ದಾನೆ, ಹತ್ತಕ್ಕೆ ಒಪ್ಪಿಸುವ ಮಾತುಕತೆ ನಡೆದಿದೆ.